ಓದುಗರು ಕೇಳ್ತಾರೆ: ಹಿಮದ ಬೆಟ್ಟ, ಹಳೇ ಊರು, ಎರಡೂ ಒಂದೇ ದಿನಕ್ಕೆ ಆಗುತ್ತಾ?

ಹೋದ ಸಂಚಿಕೇಲಿ ಬೇಸಿಗೆ ಪ್ರವಾಸದ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸ್ವಿಟ್ಜರ್‌ಲೆಂಡ್‌ದು, ಅದರಲ್ಲೂ ಜ್ಯೂರಿಕ್‌ನಿಂದ ಹೊರಟು ಟಿಟ್ಲಿಸ್ ಬೆಟ್ಟ, ಲೂಸರ್ನ್ ಊರು ಎರಡನ್ನೂ ಒಂದೇ ದಿನ ತೋರ್ಸೋ ಗೈಡ್ ಟೂರಿನದ್ದೇ ಜಾಸ್ತಿ. ಅದಕ್ಕೆ ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದೀನಿ, ಊಟಿ-ಕೊಡೈಕೆನಾಲ್ ಕೇಳಿದವರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಲ ನಿಮ್ಮದೇ.

*ಪ್ರಶ್ನೆ: ಸರ್, ಮಗಳು ಅಳಿಯ ಜ್ಯೂರಿಕ್‌ನಲ್ಲಿದಾರೆ, ಜೂನ್‌ನಲ್ಲಿ ನಾವಿಬ್ರೂ ಹೋಗ್ತಾ ಇದೀವಿ. ಅವರಿಗೆ ವಾರದ ದಿನ ರಜೆ ಸಿಗಲ್ಲ, ಅದಕ್ಕೆ ಟಿಟ್ಲಿಸ್ ಮತ್ತೆ ಲೂಸರ್ನ್ ಎರಡೂ ಇರೋ ಬಸ್ ಟೂರಿಗೆ ನಮ್ಮನ್ನ ಹತ್ತಿಸಿ ಕಳಿಸ್ತೀನಿ ಅಂತಿದಾಳೆ. ನೆಟ್ಟಗೆ ನೋಡೋಕಾಗುತ್ತಾ, ಇಲ್ಲ ಕುರಿ ಹೊಡ್ಕೊಂಡು ಹೋದ ಹಾಗೆ ಓಡಿಸ್ತಾರಾ? ಯಜಮಾನ್ರಿಗೆ 70 ವರ್ಷ, ಬಿಪಿ ಮಾತ್ರೆ ತಗೋತಾರೆ. ನಾನು ಸೀರೆ ಬಿಟ್ಟು ಬೇರೆ ಉಡೋಳಲ್ಲ, ತೊಂದ್ರೆ ಆಗುತ್ತಾ? (ಹೆಸರು ಬೇಡ, ಮೈಸೂರು)*

ಅಮ್ಮಾ, ನಿಮ್ಮ ಮಗಳು ಹೇಳ್ತಿರೋದು ಸರಿ ಇದೆ, ಹೋಗಿಬನ್ನಿ. ಆದ್ರೆ ಒಂದು ಲೆಕ್ಕ ಮೊದಲೇ ತಲೇಲಿ ಇಟ್ಕೊಳ್ಳಿ. ಇಂಥ ಟೂರು ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತರ ಆಸುಪಾಸು ಹೊರಟು ಸಂಜೆ ಆರೂವರೆ ಏಳಕ್ಕೆ ವಾಪಸ್ ತಂದು ಬಿಡುತ್ತೆ. ಅದರಲ್ಲಿ ಮೂರೂವರೆ ಗಂಟೆ ಬಸ್ಸಲ್ಲೇ ಹೋಗುತ್ತೆ, ಬೆಟ್ಟಕ್ಕೆ ಒಂದು ನಾಲ್ಕು ಗಂಟೆ ಬೇಕೇ ಬೇಕು, ಉಳಿದ ಎರಡು ಎರಡೂವರೆ ಗಂಟೇಲಿ ಇಳಿಯೋದು ಹತ್ತೋದು ಕಾಯೋದು ಕಳೆದು ಮಿಕ್ಕಿದ್ದು ಊರಿಗೆ. ಅಂದ್ರೆ ಲೂಸರ್ನ್‌ಗೆ ಸಿಗೋದು ಒಂದು ಗಂಟೆ, ಹೆಚ್ಚಂದ್ರೆ ಒಂದೂವರೆ. ಬ್ರೋಷರಿನಲ್ಲಿ ಎರಡಕ್ಕೂ ಒಂದೇ ಸೈಜಿನ ಫೋಟೋ ಹಾಕಿರ್ತಾರೆ, ನಾವು ದಿನಾನೂ ಅರ್ಧ ಅರ್ಧ ಸಿಗುತ್ತೆ ಅಂದ್ಕೊಂಡು ಹೋಗ್ತೀವಿ, ಅಲ್ಲೇ ಎಡವಟ್ಟಾಗೋದು. ಇದು ಬೆಟ್ಟದ ಟೂರು, ಊರು ಅದರ ಜೊತೆ ಕೊಸರು ಅಂತ ಅಂದ್ಕೊಂಡು ಹೋದ್ರೆ ಖುಷಿಯಾಗಿ ಬರ್ತೀರ. ಲೂಸರ್ನ್‌ನ ಇನ್ನೊಂದು ಭಾನುವಾರ ಮಗಳ ಜೊತೆ ಟ್ರೈನ್‌ನಲ್ಲಿ ಹೋಗಿ ನಿಧಾನಕ್ಕೆ ನೋಡ್ಬಹುದು, ಜ್ಯೂರಿಕ್‌ನಿಂದ ಮುಕ್ಕಾಲು ಗಂಟೆ ಅಷ್ಟೇ (ಭಾನುವಾರ ಅಂಗಡಿಗಳು ಮುಚ್ಚಿರ್ತಾವೆ, ಅದೂ ಒಂಥರಾ ಒಳ್ಳೇದೇ, ದುಡ್ಡು ಉಳಿಯುತ್ತೆ).

ನಾನು ಇದೇ ಥರದ ಟೂರಿಗೆ ನಮ್ಮತ್ತೆಯವರನ್ನ ಕರ್ಕೊಂಡು ಹೋಗಿದ್ದೆ, ನಮ್ಮ ಬಸ್ಸಿನ ಗೈಡು ಲೂಸರ್ನ್‌ನಲ್ಲಿ ಸ್ವಾನ್ ಚೌಕದಲ್ಲಿ ಇಳಿಸಿ ಎದುರಿಗಿದ್ದ ವಾಚ್ ಅಂಗಡಿ ತೋರಿಸಿ ಇಲ್ಲಿ ಟಾಯ್ಲೆಟ್ ಫ್ರೀ ಅಂದ. ಫ್ರೀ ಅಂದ್ರೆ ಬಿಡ್ತೀವಾ, ಬಸ್ಸಿಗೆ ಬಸ್ಸೇ ಒಳಗೆ ನುಗ್ತು, ಆಚೆ ಬರೋ ಹೊತ್ತಿಗೆ ಇಪ್ಪತ್ತೈದು ನಿಮಿಷ ಖಲಾಸ್. ಅಲ್ಲಿಂದ ಆ ಊರಿನ ಹೆಸರುವಾಸಿ ಹಳೇ ಮರದ ಸೇತುವೆ ಎರಡು ಮೂರು ನಿಮಿಷದ ದಾರಿ ಅಷ್ಟೇ, ನೇರ ಅಲ್ಲಿಗೇ ನಡೀರಿ, ಅಂಗಡಿ ಆಮೇಲೆ.

ಈಗ ಯಜಮಾನ್ರ ವಿಷಯ. ಎಂಗೆಲ್‌ಬರ್ಗ್ ಅನ್ನೋ, ಟಿಟ್ಲಿಸ್ ಬುಡದ ಹಳ್ಳಿ ಸುಮಾರು 1,000 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಗೊಂಡೋಲಾ ಹತ್ತಿ, ಮಧ್ಯ ಸ್ಟಾಂಡ್ ಅನ್ನೋ ಕಡೆ ಇಳಿದು, ತನ್ನ ಸುತ್ತ ತಾನೇ ತಿರುಗೋ ಇನ್ನೊಂದು ಕೇಬಲ್ ಕಾರ್ ಹಿಡಿದು ಅರ್ಧ ಗಂಟೆ ಚಿಲ್ಲರೇಲಿ 3,000 ಮೀಟರ್ ದಾಟಿಬಿಡ್ತೀರ. ಮೈಗೆ ಒಗ್ಗಿಕೊಳ್ಳೋಕೆ ಟೈಮೇ ಇರಲ್ಲ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ನೂರಕ್ಕೆ ಎಪ್ಪತ್ತು ಭಾಗ, ಆದ್ರಿಂದ ಪ್ರತಿ ಉಸಿರಿಗೂ ಆಮ್ಲಜನಕ ಅಷ್ಟು ಕಮ್ಮಿ. ಬಿಪಿ ಹತೋಟೀಲಿದ್ರೆ ಬಹಳ ಜನರಿಗೆ ಎರಡು ಮೂರು ಗಂಟೆ ಇರೋದು ಕಷ್ಟ ಆಗಲ್ಲ, ಆದ್ರೆ ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆಗಿದೆ, ಸ್ಟೆಂಟ್ ಹಾಕ್ಸಿದಾರೆ, ಉಬ್ಬಸ ಜೋರಿದೆ ಅಂದ್ರೆ ಕತೆ ಬೇರೆ. ಹೊರಡೋ ಮೊದಲು ನಿಮ್ಮ ಡಾಕ್ಟರ್‌ಗೆ ಸುಮ್ನೆ ಸ್ವಿಟ್ಜರ್‌ಲೆಂಡಿಗೆ ಹೋಗ್ತೀವಿ ಅಂತ ಹೇಳ್ಬೇಡಿ, 3,000 ಮೀಟರಿಗೆ ಅರ್ಧ ಗಂಟೇಲಿ ಹೋಗ್ತೀವಿ ಅಂತ ನಂಬರ್ ಸಮೇತ ಹೇಳಿ, ಆಗ ಅವರ ಸಲಹೇನೇ ಬೇರೆ ಆಗ್ಬಹುದು. ಮೇಲೆ ಹೋದ ಮೇಲೆ ಮೆಟ್ಟಿಲು ಓಡ್ಕೊಂಡು ಹತ್ತಬೇಡಿ, ನೀರು ಕುಡೀತಾ ಇರಿ, ತಲೆನೋವು ವಾಂತಿ ಬಂದಂಗಾದ್ರೆ ಗೈಡಿಗೆ ಹೇಳಿ ಕೆಳಗಿಳೀರಿ, ಟಿಕೆಟ್ ದುಡ್ಡು ಹಾಳಾಯ್ತು ಅಂತ ಅಲ್ಲೇ ಕೂತ್ಕೋಬೇಡಿ. ಮಧ್ಯದಲ್ಲಿ ಟ್ರೂಬ್‌ಸೀ ಅಂತ ಒಂದು ಕೆರೆ ಇದೆ, 1,800 ಮೀಟರ್ ಎತ್ತರ, ಅಲ್ಲೇ ಇಳಿದು ಸುಧಾರಿಸ್ಕೊಂಡ್ರೂ ಏನೂ ನಷ್ಟ ಇಲ್ಲ, ನನ್ನನ್ನ ಕೇಳಿದ್ರೆ ಮೇಲಿಗಿಂತ ಆ ಕೆರೇನೇ ಚೆಂದ.

ಸೀರೆ ಧಾರಾಳವಾಗಿ ಉಡಿ. ಒಳಗೆ ಉಲ್ಲನ್ ಲೆಗ್ಗಿಂಗ್, ದಪ್ಪ ಕಾಲುಚೀಲ, ಮೇಲೆ ಗಾಳಿ ತಡೆಯೋ ಜಾಕೆಟ್ಟು. ಬರೀ ಶಾಲು ಸಾಕಾಗಲ್ಲ. ಸಾವಿರ ಮೀಟರ್ ಮೇಲೇರಿದ್ರೆ ಆರು ಡಿಗ್ರಿ ಕಮ್ಮಿ ಆಗುತ್ತೆ ಅಂತ ಅಂದಾಜು ಲೆಕ್ಕ ಇಟ್ಕೊಳ್ಳಿ, ಲೂಸರ್ನ್‌ನಲ್ಲಿ 24 ಡಿಗ್ರಿ ಬಿಸಿಲಿದ್ರೆ ಮೇಲೆ ಎಂಟೋ ಒಂಬತ್ತೋ, ಗಾಳಿ ಬೀಸಿದ್ರೆ ಅದಕ್ಕಿಂತ ಚಳಿ. ಮುಖ್ಯ ಚಪ್ಪಲಿ. ಚಪ್ಪಲಿ ಹಾಕ್ಕೊಂಡು ಹೋಗಲೇಬೇಡಿ, ಹಿಮ ತುಳಿದು ತುಳಿದು ಗಾಜಿನ ಥರ ಆಗಿರುತ್ತೆ, ಹಿಡಿತ ಇರೋ ಶೂ ಬೇಕು. ಕೂಲಿಂಗ್ ಗ್ಲಾಸೂ ಬೇಕು, ಹಿಮದ ಮೇಲೆ ಬಿದ್ದ ಬಿಸಿಲು ಕಣ್ಣಿಗೆ ಹೊಡೆಯುತ್ತೆ. ಯಜಮಾನ್ರು ಮಂಕಿ ಕ್ಯಾಪ್ ಹಾಕ್ಕೊಂಡ್ರೆ ಮಗಳು ನಗ್ತಾಳೆ, ನಗ್ಲಿ ಬಿಡಿ.

*ಪ್ರಶ್ನೆ: ಸರ್ರ, ನಾವ್ ಮೂರು ಮಂದಿ ಗೆಳ್ಯಾರು ಸಪ್ಟೆಂಬರ್‌ದಾಗ ಹೊಂಟೀವಿ. ಗೈಡು ಗೀಡು ನಮಗ ಬ್ಯಾಡ. ಟಿಟ್ಲಿಸ್, ಪಿಲಾಟಸ್, ರಿಗಿ ಈ ಮೂರು ಬೆಟ್ಟದಾಗ ಯಾವ್ದು ಛಲೋ? ಒಬ್ಬೊಬ್ರು ಒಂದೊಂದು ಹೇಳಿ ತಲಿ ಕೆಡಿಸ್ಯಾರ. (ಹುಬ್ಬಳ್ಳಿ)*

ಹಿಮ ಮುಟ್ಟಲೇಬೇಕು ಅಂದ್ರೆ ಟಿಟ್ಲಿಸ್, ಅದಕ್ಕೆ ಎರಡನೇ ಮಾತಿಲ್ಲ. ಸಪ್ಟೆಂಬರ್‌ನಲ್ಲಿ ಉಳಿದೆರಡರಲ್ಲಿ ಹುಲ್ಲು, ಬಂಡೆ ಬಿಟ್ಟು ಹಿಮ ಸಿಗೋದು ಅನುಮಾನ. ಒಂದು ತಮಾಷೆ ಹೇಳ್ತೀನಿ ಕೇಳಿ, ರಿಗಿ ಎತ್ತರ 1,798 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡ, ಕುದುರೆಮುಖಕ್ಕಿಂತಾನೂ ಗಿಡ್ಡ! ಹಂಗಂತ ಕಡೆಗಣಿಸಬೇಡಿ, ಯುರೋಪಿನ ಮೊದಲ ಬೆಟ್ಟದ ರೈಲು 1871ರಲ್ಲಿ ಓಡಿದ್ದು ಅದರ ಮೇಲೆ, ಸುತ್ತ ಕೆರೆ ಕಾಣೋ ರೀತಿ ಬೇರೆ ಎಲ್ಲೂ ಇಲ್ಲ, ಮತ್ತೆ ಸ್ವಿಸ್ ಟ್ರಾವೆಲ್ ಪಾಸ್ (ರೈಲು, ಬಸ್ಸು, ಬೋಟಿಗೆಲ್ಲಾ ಒಂದೇ ಟಿಕೆಟ್) ಇದ್ರೆ ಪೂರ್ತಿ ಫ್ರೀ. ಟಿಟ್ಲಿಸ್‌ಗೂ ಪಿಲಾಟಸ್‌ಗೂ ಆ ಪಾಸ್‌ನಲ್ಲಿ ಅರ್ಧ ರೇಟು.

ನೀವು ಹುಡುಗರು, ಗೈಡೂ ಬೇಡ ಅಂತೀರ, ನಾನಾದ್ರೆ ಪಿಲಾಟಸ್ಸೇ ಹೇಳೋದು. ಲೂಸರ್ನ್ ಊರಿನ ನೆತ್ತಿ ಮೇಲೇ ಇದೆ, ಹಾಗಾಗಿ ಬೆಟ್ಟ ಮತ್ತೆ ಊರು ಎರಡೂ ಒಂದೇ ದಿನಕ್ಕೆ ನಿಜವಾಗ್ಲೂ ಸಿಗೋದು ಇಲ್ಲೇ. ಲೂಸರ್ನ್ ದಡದಲ್ಲಿ ಬೋಟ್ ಹತ್ತಿ ಆಲ್ಪ್‌ನಾಖ್‌ಸ್ಟಾಡ್‌ಗೆ ಹೋಗಿ, ಅಲ್ಲಿಂದ ಹಲ್ಲುಚಕ್ರದ ರೈಲು. ಅದು 1889ರದ್ದು, ಪ್ರಪಂಚದಲ್ಲಿ ಅತಿ ಕಡಿದಾದ ಹಲ್ಲುಚಕ್ರದ ರೈಲು, ಕೆಲವು ಕಡೆ ನೂರು ಅಡಿ ಮುಂದೆ ಹೋದ್ರೆ 48 ಅಡಿ ಮೇಲೇರುತ್ತೆ, ಮಾಮೂಲಿ ಹಲ್ಲು ಇಟ್ರೆ ಚಕ್ರ ಮೇಲೆದ್ದು ಬಿಡುತ್ತೆ ಅಂತ ಎಂಜಿನಿಯರ್ ಎಡ್ವರ್ಡ್ ಲೋಖರ್ ಹಳಿಯ ಎರಡೂ ಪಕ್ಕದಲ್ಲಿ ಹಲ್ಲು ಮಾಡ್ಸಿ ಚಕ್ರ ಅಡ್ಡಡ್ಡ ಕಚ್ಕೊಳ್ಳೋ ಹಾಗೆ ಮಾಡ್ದ. ಇಳಿಯೋವಾಗ ಇನ್ನೊಂದು ಮಗ್ಗುಲಲ್ಲಿ ಕೇಬಲ್ ಕಾರ್ ಹಿಡಿದು ಕ್ರೀನ್ಸ್‌ಗೆ ಬಂದು ಸಿಟಿ ಬಸ್ ಹತ್ತಿದ್ರೆ ಊರಿಗೇ ಬಂದ್ರಿ. ಹಿಂದಿನ ಕಾಲದಲ್ಲಿ ಈ ಬೆಟ್ಟ ಹತ್ತೋಕೇ ಬಿಡ್ತಿರಲಿಲ್ಲ. ಯೇಸುವಿಗೆ ಶಿಕ್ಷೆ ಕೊಟ್ಟ ಪಿಲಾತನ ಪ್ರೇತ ಅಲ್ಲಿನ ಕೊಳದಲ್ಲಿದೆ, ಕೆಣಕಿದ್ರೆ ಬಿರುಗಾಳಿ ಎಬ್ಬಿಸುತ್ತೆ ಅನ್ನೋ ಭಯ. 1387ರಲ್ಲಿ ಹತ್ತೋಕೆ ಹೋದ ಆರು ಜನ ಪಾದ್ರಿಗಳನ್ನ ಹಿಡಿದು ಜೈಲಿಗೇ ಹಾಕಿದ್ರು. ಈಗ ನೋಡಿ, ಟಿಕೆಟ್ ಕೊಟ್ಟು ಕರೀತಾರೆ.

ಟಿಟ್ಲಿಸ್‌ಗೇ ಹೋಗ್ತೀವಿ ಅಂದ್ರೂ ಗೈಡ್ ಬೇಡ್ವೇ ಬೇಡ. ಲೂಸರ್ನ್‌ನಿಂದ ಎಂಗೆಲ್‌ಬರ್ಗ್‌ಗೆ ಗಂಟೆಗೊಂದು ಟ್ರೈನು, 43 ನಿಮಿಷ, ಸ್ಟೇಷನ್‌ನಿಂದ ಕೇಬಲ್ ಕಾರಿಗೆ ಹತ್ತು ಹದಿನೈದು ನಿಮಿಷದ ನಡಿಗೆ.

*ಪ್ರಶ್ನೆ: ಸುತ್ತೋ ಕೇಬಲ್ ಕಾರಲ್ಲಿ ತಲೆ ತಿರುಗಲ್ವಾ? ನಂಗೆ ಜಾತ್ರೇಲಿ ತೊಟ್ಟಿಲು ಹತ್ತಿದ್ರೂ ಆಗಲ್ಲ. (ತುಮಕೂರು)*

ತಿರುಗಲ್ಲ. ಐದು ನಿಮಿಷದಲ್ಲಿ ಒಂದೇ ಒಂದು ಸುತ್ತು, ನಿಮ್ಮ ಮನೆ ಗಡಿಯಾರದ ಸೆಕೆಂಡಿನ ಮುಳ್ಳಿಗಿಂತ ಐದು ಪಟ್ಟು ನಿಧಾನ. ಕಿಟಕಿ ಪಕ್ಕ ನಿಲ್ಲೋಕೆ ಜನ ಗುದ್ದಾಡಬಾರದು, ಎಲ್ಲರಿಗೂ ಎಲ್ಲಾ ಕಡೆ ಕಾಣಲಿ ಅಂತ ಮಾಡಿದ ಏರ್ಪಾಡು ಅದು, 1992ರಲ್ಲಿ ಶುರುವಾದಾಗ ಪ್ರಪಂಚದಲ್ಲೇ ಮೊದಲನೇದು. ಆದ್ರೂ ಗುದ್ದಾಡ್ತಾರೆ, ಅದು ಬೇರೆ ಮಾತು. ನಿಮಗೆ ಭಯ ಆಗೋದಿದ್ರೆ ಮೇಲಿರೋ ಕ್ಲಿಫ್ ವಾಕ್‌ನಲ್ಲಿ ಆಗ್ಬಹುದು, ಅದು ಸುಮಾರು ನೂರು ಮೀಟರ್ ಉದ್ದದ ತೂಗುಸೇತುವೆ, ಒಂದು ಮೀಟರ್ ಅಗಲ, ಕೆಳಗೆ ಐನೂರು ಮೀಟರ್ ಪ್ರಪಾತ. ಬೇಡ ಅನ್ಸಿದ್ರೆ ಹಿಮದ ಗುಹೆ ಒಳಗೆ ಹೋಗಿ ಬನ್ನಿ, ನೆಲ ಮಾತ್ರ ಜಾರುತ್ತೆ. ಅಂದಹಾಗೆ ಅದು ಬೆಟ್ಟದ ತುದಿ ಅಲ್ಲ. ನಿಜವಾದ ತುದಿ 3,238 ಮೀಟರ್, ಕೇಬಲ್ ಕಾರ್ ಬಿಡೋದು ಅದಕ್ಕಿಂತ ಇನ್ನೂರು ಮೀಟರ್ ಕೆಳಗೆ, ಚಿಕ್ಕ ಟಿಟ್ಲಿಸ್ ಅಂತಾರೆ. ದೊಡ್ಡದನ್ನ 1744ರಲ್ಲೇ ಎಂಗೆಲ್‌ಬರ್ಗ್ ಕಡೆಯವರು ಹತ್ತಿದ್ರು, ಯಾವ ಕೇಬಲ್ಲೂ ಇಲ್ಲದೆ.

*ಪ್ರಶ್ನೆ: ಹೋದ ವರ್ಷ ಒಂದು ಕಂಪನಿ ಟೂರಲ್ಲಿ ಹೋಗಿದ್ವಿ. ಮೇಲೆ ಹೋದ್ರೆ ಬರೀ ಬಿಳಿ ಮೋಡ, ಪಕ್ಕದಲ್ಲಿದ್ದ ಹೆಂಡ್ತೀನೂ ಕಾಣ್ತಿರಲಿಲ್ಲ. ದುಡ್ಡು ವಾಪಸ್ ಕೇಳಿದ್ರೆ ಹವಾಮಾನ ನಮ್ಮ ಕೈಲಿಲ್ಲ ಅಂದ್ರು. ಇದು ಮೋಸ ಅಲ್ವಾ? (ಶಿವಮೊಗ್ಗ)*

ಬೇಜಾರಾಗುತ್ತೆ ನಿಜ, ಆದ್ರೆ ಮೋಸ ಅನ್ನೋಕಾಗಲ್ಲ ಸ್ವಾಮಿ, ಆಗುಂಬೆ ಸೂರ್ಯಾಸ್ತಕ್ಕೆ ಹೋಗಿ ಮೋಡ ನೋಡಿ ಬಂದೋರು ನಿಮ್ಮೂರಲ್ಲೇ ಎಷ್ಟಿಲ್ಲ. ತಪ್ಪು ಎಲ್ಲಾಗಿದೆ ಅಂದ್ರೆ ಎರಡು ತಿಂಗಳು ಮುಂಚೆ ತಾರೀಖು ಕಟ್ಟಿಹಾಕ್ಕೊಂಡಿದ್ದು. ಹಿಂದಿನ ದಿನ ಬುಕ್ ಮಾಡೋಕೆ, ಇಲ್ಲ ಹಿಂದಿನ ದಿನದವರೆಗೂ ದುಡ್ಡು ವಾಪಸ್ ಕೊಟ್ಟು ಕ್ಯಾನ್ಸಲ್ ಮಾಡೋಕೆ ಬಿಡೋ ಟೂರನ್ನೇ ಹುಡುಕಿ. ಬೆಟ್ಟದವರದ್ದೇ ವೆಬ್‌ಕ್ಯಾಮ್ ಇರುತ್ತೆ, ಮೇಲೆ ಈ ಕ್ಷಣ ಏನು ಕಾಣ್ತಿದೆ ಅಂತ ಹಾಸಿಗೇಲಿ ಮಲ್ಕೊಂಡೇ ನೋಡ್ಬಹುದು, ಅದು ಬೆಳ್ಳಗಿದ್ರೆ ಆ ದಿನ ಊರು ಸುತ್ತಿ.

ಇನ್ನೊಂದು ಗುಟ್ಟು ಇದೆ, ಇದನ್ನ ಟೂರಿನವರು ಹೇಳಲ್ಲ. ಬೇಸಿಗೇಲಿ ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತೆ, ಕಣಿವೆ ಕಾದಂಗೆ ಗಾಳಿ ಮೇಲೇರಿ ಮಧ್ಯಾಹ್ನದ ಮೇಲೆ ತುದೀಲಿ ಮೋಡ ಕಟ್ಟುತ್ತೆ, ಕೆಲವೊಮ್ಮೆ ಗುಡುಗೂ ಬರುತ್ತೆ. ಹಾಗಾಗಿ ಜೂನ್ ಜುಲೈ ಆಗಸ್ಟ್‌ನಲ್ಲಿ ಬೆಟ್ಟ ಮೊದಲು, ಊರು ಆಮೇಲೆ ಇರೋ ಟೂರು ತಗೊಳ್ಳಿ. ತುಂಬಾ ಟೂರುಗಳು ಉಲ್ಟಾ ಮಾಡ್ತಾವೆ, ಮೊದಲು ಲೂಸರ್ನ್‌ನಲ್ಲಿ ನಿಲ್ಲಿಸಿ ಆಮೇಲೆ ಬೆಟ್ಟ, ಬುಕ್ ಮಾಡೋವಾಗಲೇ ಕೇಳಿ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಕತೆ ಪೂರ್ತಿ ತಿರುಗುಮುರುಗು. ಆಗ ತಣ್ಣನೆ ಗಾಳಿ ಕೆಳಗೇ ಕೂತ್ಕೊಂಡು ಜ್ಯೂರಿಕ್ ಲೂಸರ್ನ್ ಎಲ್ಲಾ ಮಂಜಲ್ಲಿ ಮುಳುಗಿರುತ್ತೆ, ಜನ ಈ ಮಂಜಲ್ಲಿ ಬೆಟ್ಟಕ್ಕೆ ಹೋಗೋದಾ ಅಂತ ಹೋಟೆಲಲ್ಲೇ ಕೂತಿರ್ತಾರೆ, ಮೇಲೆ ನೋಡಿದ್ರೆ ಚಿನ್ನದಂಥ ಬಿಸಿಲು, ಕಾಲ ಕೆಳಗೆ ಮಂಜಿನ ಸಮುದ್ರ. ನಮ್ಮ ನಂದಿಬೆಟ್ಟದಲ್ಲಿ ಡಿಸೆಂಬರ್ ಬೆಳಿಗ್ಗೆ ನೋಡಿರ್ತೀರಲ್ಲ, ಹಂಗೇ, ಆದ್ರೆ ದಿನವಿಡೀ. ನವೆಂಬರ್‌ನಲ್ಲಿ ಕೆಲವು ದಿನ ಕೇಬಲ್ ಕಾರ್ ರಿಪೇರಿಗೆ ನಿಲ್ಲಿಸ್ತಾರೆ, ಅದೊಂದು ನೋಡ್ಕೊಳ್ಳಿ.

*ಪ್ರಶ್ನೆ: ಲೂಸರ್ನ್‌ನಲ್ಲಿ ಸಾಯ್ತಿರೋ ಸಿಂಹದ ಶಿಲ್ಪ ನೋಡಿದ್ವಿ, ನೋಡಿ ಮನಸ್ಸು ಹಿಂಡಿದಂಗಾಯ್ತು. ಗೈಡು ಸೋಲ್ಜರ್ಸ್ ಮೆಮೋರಿಯಲ್ ಅಂತ ಹೇಳಿ ಹತ್ತು ನಿಮಿಷ ಫೋಟೋಗೆ ಬಿಟ್ಟ. ಅದರ ಕತೆ ಏನು? (ಮಂಡ್ಯ)*

ಮಂಡ್ಯದವರು ಕೇಳಿದ್ದು ನನಗೆ ತುಂಬಾ ಖುಷಿ ಆಯ್ತು, ಯಾಕೆ ಅಂತ ಕೊನೇಲಿ ಗೊತ್ತಾಗುತ್ತೆ. ಆಗಿನ ಸ್ವಿಟ್ಜರ್‌ಲೆಂಡ್ ಈಗಿನ ಥರ ಶ್ರೀಮಂತ ದೇಶ ಅಲ್ಲ, ಬೆಟ್ಟ, ಹಸು, ಬಡತನ. ಗಂಡು ಮಕ್ಕಳು ಸಂಬಳಕ್ಕೆ ಬೇರೆ ದೇಶದ ರಾಜರ ಸೈನ್ಯ ಸೇರ್ತಿದ್ರು. ಫ್ರಾನ್ಸ್‌ನ ರಾಜನಿಗೆ ಕಾವಲಿದ್ದಿದ್ದೂ ಇಂಥ ಸ್ವಿಸ್ ಪಡೆನೇ. ಕ್ರಾಂತಿ ಸಮಯದಲ್ಲಿ, 1792ರ ಆಗಸ್ಟ್ 10ನೇ ತಾರೀಖು, ಪ್ಯಾರಿಸ್‌ನ ಟ್ವಿಲರೀ ಅರಮನೆಗೆ ಜನ ನುಗ್ಗಿದ್ರು. ಹದಿನಾರನೇ ಲೂಯಿ ಅಷ್ಟು ಹೊತ್ತಿಗೆ ಹೆಂಡ್ತಿ ಮಕ್ಕಳ ಜೊತೆ ಅರಮನೆ ಬಿಟ್ಟು ಹೋಗಿದ್ದ. ಖಾಲಿ ಅರಮನೆ ಕಾಯ್ತಾ ಇವರು ಹೊಡೆದಾಡಿದ್ರು, ಆಮೇಲೆ ರಾಜನಿಂದ ಗುಂಡು ನಿಲ್ಲಿಸಿ ಹಿಂದಕ್ಕೆ ಬನ್ನಿ ಅಂತ ಚೀಟಿ ಬಂತು, ಹಿಂದೆ ಸರಿಯೋವಾಗ್ಲೇ ನೂರಾರು ಜನ ಸತ್ರು, ಸೆರೆ ಸಿಕ್ಕವರನ್ನೂ ಕೊಂದ್ರು. ಬಂಡೆ ಮೇಲೆ ಕೆತ್ತಿರೋ ರೋಮನ್ ಅಂಕಿಗಳು ನೋಡಿದೀರಾ? ಒಂದು 760, ಸತ್ತವರು. ಇನ್ನೊಂದು 350, ಉಳಿದವರು.

ಆ ದಿನ ರಜೆ ಮೇಲೆ ಲೂಸರ್ನ್‌ಗೆ ಬಂದಿದ್ದ ಒಬ್ಬ ಆಫೀಸರ್, ಕಾರ್ಲ್ ಫೀಫರ್ ಅಂತ, ಅವನಿಗೆ ಜೊತೆಗಾರರೆಲ್ಲಾ ಹೋದ್ರಲ್ಲ ಅನ್ನೋ ಕೊರಗು ಹೋಗ್ಲೇ ಇಲ್ಲ, ಚಂದಾ ಎತ್ತಿ ಇದನ್ನ ಮಾಡಿಸಿದ. ಡೆನ್ಮಾರ್ಕ್‌ನ ಶಿಲ್ಪಿ ಥೋರ್ವಾಲ್ಡ್‌ಸನ್ ರೂಪ ಕೊಟ್ಟಿದ್ದು, ಲೂಕಾಸ್ ಆಹಾರ್ನ್ ಅನ್ನೋನು ಹಳೇ ಕಲ್ಲುಗಣಿಯ ಬಂಡೇಲೇ ಕೆತ್ತಿದ್ದು, ಹತ್ತು ಮೀಟರ್ ಉದ್ದ, 1821ರಲ್ಲಿ ಮುಗೀತು. ಬೆನ್ನಲ್ಲಿ ಮುರಿದ ಈಟಿ, ಪಂಜದ ಕೆಳಗೆ ಫ್ರಾನ್ಸ್‌ನ ಲಿಲ್ಲಿ ಹೂವಿನ ಗುರಾಣಿ, ಸಾಯೋವಾಗ್ಲೂ ಅದನ್ನ ಬಿಟ್ಟಿಲ್ಲ. ಊರಲ್ಲಿ ಎಲ್ಲರಿಗೂ ಇದು ಹಿಡಿಸಿರಲಿಲ್ಲ, ಪರದೇಶದ ರಾಜನಿಗೆ ಸತ್ತೋರಿಗೆ ನಮ್ಮೂರಲ್ಲಿ ಯಾಕೆ ಸ್ಮಾರಕ ಅಂತ ಕೇಳಿದೋರೂ ಇದ್ರು. ನಂಗೂ ಅಲ್ಲಿ ನಿಂತಾಗ ಅದೇ ಅನ್ಸಿತ್ತು, ಸ್ವಾಮಿನಿಷ್ಠೆ ಅಂತ ಹೊಗಳೋದಾ, ಹೊಟ್ಟೆಪಾಡಿಗೆ ಹೋಗಿ ಸತ್ರಲ್ಲಾ ಅಂತ ಅಳೋದಾ ಗೊತ್ತಾಗ್ಲಿಲ್ಲ.

ಈಗ ಮಂಡ್ಯದ ವಿಷಯ. ಹೀಗೇ ಸಂಬಳಕ್ಕೆ ದುಡೀತಿದ್ದ ಇನ್ನೊಂದು ಸ್ವಿಸ್ ಪಡೆ ಡಿ ಮ್ಯೂರಾನ್ ರೆಜಿಮೆಂಟ್, 1781ರಲ್ಲಿ ಕಟ್ಟಿದ್ದು. ಮೊದಲು ಡಚ್ಚರ ಪರ ಸಿಲೋನ್‌ನಲ್ಲಿತ್ತು, 1795ರಲ್ಲಿ ಬ್ರಿಟಿಷರ ಕಡೆಗೆ ಹೋಯ್ತು, 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಮೇಲೆ ಬಿದ್ದ ಸೈನ್ಯದಲ್ಲಿ ಅವರೂ ಇದ್ರು. ಆ ರೆಜಿಮೆಂಟಿನವರ ಗೋರಿಗಳು ಇವತ್ತಿಗೂ ಕಾವೇರಿ ದಂಡೇಲಿರೋ ಗ್ಯಾರಿಸನ್ ಸಿಮೆಟ್ರೀಲಿ ಇವೆ. ನೀವು ಸಿಂಹ ನೋಡೋಕೆ ಅಷ್ಟು ದೂರ ಹೋಗಿದ್ರಿ, ಇದು ನಿಮ್ಮನೆಯಿಂದ ಒಂದು ಗಂಟೆ ದಾರಿ ಇರ್ಬಹುದು, ಒಂದ್ಸಲ ಹೋಗಿಬನ್ನಿ.

*ಪ್ರಶ್ನೆ: ಮರದ ಸೇತುವೆ ನಿಜವಾಗ್ಲೂ 14ನೇ ಶತಮಾನದ್ದಾ? ನಮ್ಮ ಅಣ್ಣ ಅದು ಸುಟ್ಟು ಹೋಗಿದೆ, ಈಗಿರೋದು ಡೂಪ್ಲಿಕೇಟ್ ಅಂತಾನೆ. (ಬೆಂಗಳೂರು)*

ಇಬ್ರೂ ಸರಿ. 1993ರ ಆಗಸ್ಟ್ 17-18ರ ನಡುರಾತ್ರಿ ಬೆಂಕಿ ಬಿದ್ದು ನಡುವಿನ ಭಾಗ ಪೂರ್ತಿ ಹೋಯ್ತು, ಸೂರಿನ ಕೆಳಗಿದ್ದ 17ನೇ ಶತಮಾನದ ತ್ರಿಕೋನ ಚಿತ್ರಗಳಲ್ಲಿ ಮುಕ್ಕಾಲು ಪಾಲು ಸುಟ್ಟವು. ಎಂಟೇ ತಿಂಗಳಲ್ಲಿ, 1994ರ ಏಪ್ರಿಲ್‌ಗೆ, ಮತ್ತೆ ಕಟ್ಟಿ ನಿಲ್ಲಿಸಿದ್ರು. ಎರಡು ತುದಿಗಳಲ್ಲಿ ಹಳೇ ಮರ, ನಡುವೆ ಹೊಸದು, ತಲೆ ಎತ್ತಿ ನೋಡ್ತಾ ನಡೆದ್ರೆ ಚಿತ್ರ ಇರೋ ಜಾಗ ಖಾಲಿ ಇರೋ ಜಾಗ ಗೊತ್ತಾಗುತ್ತೆ. ಪಕ್ಕದ ಎಂಟು ಮೂಲೆಯ ಕಲ್ಲಿನ ಗೋಪುರಕ್ಕೆ ಏನೂ ಆಗ್ಲಿಲ್ಲ, ಅದು ಸೇತುವೆಗಿಂತ ಹಳೇದು, ಜೈಲೂ ಆಗಿತ್ತು, ಖಜಾನೆನೂ ಆಗಿತ್ತು. ಅಣ್ಣನ ಹತ್ರ ಗೆಲ್ಲಬೇಕು ಅಂದ್ರೆ ಹೊಳೆ ಜಾಡಲ್ಲೇ ಕೆಳಕ್ಕೆ ಹತ್ತು ನಿಮಿಷ ನಡೆದು ಸ್ಪ್ರಾಯರ್ ಸೇತುವೆಗೆ ಹೋಗಿ, ಅದರ ಚಿತ್ರಗಳಿಗೆ ಬೆಂಕಿ ತಾಗಿಲ್ಲ. ಸ್ಪ್ರಾಯ್ ಅಂದ್ರೆ ಹೊಟ್ಟು, ಧಾನ್ಯದ ಹೊಟ್ಟು. ಊರಿನ ಗಿರಣಿಯವರು ಹೊಳೆಗೆ ಹೊಟ್ಟು ಸುರೀಬೇಕಂದ್ರೆ ಈ ಸೇತುವೆಯಿಂದ ಮಾತ್ರ ಅಂತ ಕಟ್ಟುನಿಟ್ಟಿತ್ತು, ಎಲ್ಲಕ್ಕಿಂತ ಕೆಳಗಿದ್ದಿದ್ದು ಅದೇ ತಾನೆ. ಅಲ್ಲಿನ ಚಿತ್ರಗಳಲ್ಲಿ ಸಾವು ಅಸ್ಥಿಪಂಜರದ ವೇಷದಲ್ಲಿ ರಾಜ, ವ್ಯಾಪಾರಿ, ಮದುಮಗಳು ಎಲ್ಲರ ಕೈ ಹಿಡಿದು ಕರ್ಕೊಂಡು ಹೋಗುತ್ತೆ. ಟೂರಿನವರು ಇಷ್ಟು ದೂರ ಕರ್ಕೊಂಡು ಬರಲ್ಲ, ಅದಕ್ಕೇ ಅಲ್ಲಿ ಆರಾಮಾಗಿ ನಿಂತು ನೋಡ್ಬಹುದು.

*ಪ್ರಶ್ನೆ: ಶುದ್ಧ ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ. ಬೆಟ್ಟದ ಮೇಲೆ ಊಟ? (ಉಡುಪಿ)*

ಟಿಟ್ಲಿಸ್‌ನಲ್ಲಿ ಭಾರತದ ಊಟ ಸಿಗುತ್ತೆ, ನಮ್ಮೋರು ಅಷ್ಟು ಜನ ಹೋಗ್ತಾರೆ, ಶಾರುಖ್ ಕಾಜೋಲ್ ಕಟೌಟೇ ನಿಲ್ಸಿದಾರೆ ಅಂದ್ಮೇಲೆ ಲೆಕ್ಕ ಹಾಕ್ಕೊಳ್ಳಿ. ಆದ್ರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಅಂದ್ರೆ ಕಷ್ಟ, ರೇಟೂ ನೆನೆಸ್ಕೊಂಡ್ರೆ ಹಸಿವು ಹೋಗುತ್ತೆ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಬೆಳಿಗ್ಗೆ ಕಟ್ಕೊಂಡು ಹೋಗೋದೇ ವಾಸಿ, ಬಸ್ಸೊಳಗೆ ತಿನ್ನೋಕೆ ಕೆಲವರು ಬಿಡಲ್ಲ, ಆಚೆ ಬೆಂಚ್ ಮೇಲೆ ಕೂತು ತಿನ್ನಿ. ಊರಿಂದ ಹೊರಡೋವಾಗ ತುಪ್ಪ, ಪೇಡ, ಹಾಲಿನ ಸ್ವೀಟು ಮಾತ್ರ ಬ್ಯಾಗಿಗೆ ಹಾಕ್ಬೇಡಿ, ಭಾರತದಿಂದ ಹಾಲಿನ ಪದಾರ್ಥ ತರೋಕೆ ಅಲ್ಲಿ ಬಿಡಲ್ಲ, ಏರ್‌ಪೋರ್ಟಲ್ಲಿ ಕಸದ ಬುಟ್ಟಿಗೆ ಹಾಕೋವಾಗ ಹೊಟ್ಟೆ ಉರಿಯುತ್ತೆ. ನೀರಿನ ಬಾಟಲಿ ದುಡ್ಡು ಕೊಟ್ಟು ತಗೋಬೇಡಿ, ಲೂಸರ್ನ್‌ನ ಚೌಕಗಳಲ್ಲಿ ಕಲ್ಲಿನ ತೊಟ್ಟಿಗೆ ಬೀಳೋ ನೀರು ಕುಡಿಯೋ ನೀರೇ, ಬೇಡ ಅಂತ ಬೋರ್ಡ್ ಇದ್ರೆ ಮಾತ್ರ ಬಿಡಿ.

*ಪ್ರಶ್ನೆ: ಯುರೋಪಿನ ಸಿಮ್ ತಗೊಂಡಿದೀವಿ, ಯೂರೋ ಇದೆ. ಅಲ್ಲಿ ನಡೆಯುತ್ತಲ್ವಾ? (ಬಳ್ಳಾರಿ)*

ಷೆಂಗನ್ ವೀಸಾ (ಯುರೋಪಿನ ಬಹಳ ದೇಶಗಳಿಗೆ ಸೇರಿ ಒಂದೇ ವೀಸಾ) ನಡೆಯುತ್ತೆ, ಉಳಿದಿದ್ದಕ್ಕೆ ನಂಬಬೇಡಿ. ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಯೂನಿಯನ್ ಒಳಗಿಲ್ಲ, ಅದಕ್ಕೆ ಎಷ್ಟೋ ಸಿಮ್‌ಗಳಲ್ಲಿ ಅದು ಸೇರಿರಲ್ಲ, ಗೊತ್ತಿಲ್ಲದೆ ವಿಡಿಯೋ ಕಾಲ್ ಮಾಡಿ ಬೆಟ್ಟ ತೋರ್ಸೋಕೆ ಹೋದ್ರೆ ಬಿಲ್ಲು ಬೆಟ್ಟದಷ್ಟೇ ಬರುತ್ತೆ, ಪ್ಯಾಕೆಟ್ ಮೇಲೆ ದೇಶದ ಹೆಸರು ಇದ್ಯಾ ಓದಿ ನೋಡಿ. ಯೂರೋ ತುಂಬಾ ಕಡೆ ತಗೋತಾರೆ, ಚಿಲ್ಲರೆ ಫ್ರಾಂಕ್‌ನಲ್ಲಿ ಕೊಡ್ತಾರೆ, ರೇಟು ಅವರಿಷ್ಟ. ಕಾರ್ಡ್ ಉಜ್ಜಿ, ಟಾಯ್ಲೆಟ್ಟಿಗೆ ಅಂತ ಒಂದೆರಡು ಫ್ರಾಂಕ್ ನಾಣ್ಯ ಜೇಬಲ್ಲಿಟ್ಕೊಳ್ಳಿ.